ಮಗನಿಗಾ, ಸರ್?

ಐವತ್ತು ದಾಟಿದ, ಮುಂದಲೆ ಬೋಳಾದ ಗಂಡಸೊಬ್ಬ ಗಿಟಾರಿನ ಅಂಗಡಿಯ ಮೆಟ್ಟಿಲು ಹತ್ತಿದರೆ ಒಳಗಿನ ಹುಡುಗ ಕೇಳುವ ಮೊದಲ ಪ್ರಶ್ನೆ: 'ಮಗನಿಗಾ, ಸರ್?' ವೀಣೆ ಕೊಳ್ಳಲು ಹೋದವರನ್ನು ಯಾರೂ ಹೀಗೆ ಕೇಳುವುದಿಲ್ಲ. ವೀಣೆಯವರಿಗೆ ವಯಸ್ಸಾದಷ್ಟೂ ಮರ್ಯಾದೆ. ಹಾರ್ಮೋನಿಯಂ ಕೊಂಡವನಿಗೆ ಭಜನಾ ಮಂಡಳಿಯ ಕಾರ್ಯದರ್ಶಿಯ ಕಳೆ ತಾನಾಗಿ ಬಂದುಬಿಡುತ್ತದೆ. ಗಿಟಾರಿಗೆ ಮಾತ್ರ, ಅದರಲ್ಲೂ ಕರೆಂಟಿನ ಗಿಟಾರಿಗೆ, ಇಪ್ಪತ್ತೈದು ದಾಟಿದವರಿಗೆ ಪ್ರವೇಶವಿಲ್ಲ ಎಂದು ಈ ದೇಶದಲ್ಲಿ ಯಾರೋ ಬೋರ್ಡು ಬರೆಸಿ ಹಾಕಿದ್ದಾರೆ. ಮೊದಮೊದಲು ನಾನು 'ಅಲ್ಲಪ್ಪ, ನನಗೇ' ಎನ್ನುತ್ತಿದ್ದೆ. ಆಗ ಹುಡುಗನ ಮುಖದಲ್ಲಿ ಮೂಡುವ ಕರುಣೆಯನ್ನು ನೋಡಲಾರದೆ ಈಚೆಗೆ 'ಹೂಂ, ಮಗನಿಗೆ' ಎಂದುಬಿಡುತ್ತೇನೆ. ಮಗ ಮೃದಂಗದ ಸೀನಿಯರ್ ಪರೀಕ್ಷೆಗೆ ಕಟ್ಟಿದ್ದಾನೆ. 'ಅಪ್ಪಾ, ಬಾಗಿಲು ಹಾಕ್ಕೊಂಡು ನುಡಿಸು' ಎನ್ನುವುದರ ಆಚೆಗೆ ಅವನಿಗೂ ಗಿಟಾರಿಗೂ ಯಾವ ವ್ಯವಹಾರವೂ ಇಲ್ಲ.

ಈ ಸಲ ನನ್ನ ನಿದ್ದೆ ಕೆಡಿಸಿದ್ದು ಸೆಮಿ-ಹಾಲೊ ಎಂಬ ಜಾತಿಯ ಗಿಟಾರ್. ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಮನೆಯಲ್ಲಿ ಹೇಳಲು ಹೋದರೆ ಕೇಳಿಸಿಕೊಳ್ಳುವವರಿಲ್ಲ. ಕಾಲೇಜು ಹುಡುಗರು ಪ್ರವಾಸಕ್ಕೆ ಹೊತ್ತೊಯ್ಯುವ ಅಕೂಸ್ಟಿಕ್ ಗಿಟಾರಿನ ಹೊಟ್ಟೆ ಪೂರ್ತಿ ಖಾಲಿ. ಅದರ ದನಿಯೆಲ್ಲ ಆ ಹೊಟ್ಟೆಯದು. ರಾಕ್ ಬ್ಯಾಂಡಿನವರ ಕೈಯಲ್ಲಿರುವುದು ಹೆಚ್ಚಾಗಿ ಗಟ್ಟಿ ಹಲಗೆ. ತಂತಿಯ ಕೆಳಗೆ ಕೂರಿಸಿದ ಪಿಕಪ್, ಅಂದರೆ ಆಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ, ತಂತಿಯ ಕಂಪನವನ್ನು ಕರೆಂಟಾಗಿಸಿ ಆಂಪ್ಲಿಫೈಯರಿಗೆ ಕಳಿಸಿದರೆ ಉಂಟು, ಇಲ್ಲದಿದ್ದರೆ ಹಲಗೆ ಬಾಯಿ ಬಿಡುವುದಿಲ್ಲ. (ನಮ್ಮ ಸಿನಿಮಾದ ಹೀರೊಗಳು ಬೆಟ್ಟದ ತುದಿಯಲ್ಲಿ, ವೈರೂ ಇಲ್ಲದೆ ಪ್ಲಗ್ಗೂ ಇಲ್ಲದೆ ಇದನ್ನು ನುಡಿಸಿ ಕಣಿವೆಯನ್ನೆಲ್ಲ ತುಂಬಿಸುತ್ತಾರೆ. ಆ ವಿದ್ಯೆ ಬೇರೆ.) ಹೊಟ್ಟೆಯಿರುವ ಗಿಟಾರಿಗೇ ಪಿಕಪ್ ಹಾಕಿದರಾಯಿತಲ್ಲ ಎಂದು ಅಮೆರಿಕದವರು 1930ರ ದಶಕದಲ್ಲೇ ಹಾಕಿ ನೋಡಿದ್ದರು. ಸಣ್ಣ ಸದ್ದಿಗೆ ಅದು ಸೊಗಸು. ಸದ್ದು ಏರಿಸಿದರೆ ಸ್ಪೀಕರಿನ ದನಿ ಹೊಟ್ಟೆಯನ್ನು ಅದುರಿಸುತ್ತದೆ, ಹೊಟ್ಟೆ ತಂತಿಯನ್ನು ಅದುರಿಸುತ್ತದೆ, ಆ ಅದುರು ಮತ್ತೆ ಸ್ಪೀಕರಿಗೆ ಹೋಗಿ ಇನ್ನಷ್ಟು ಬೆಳೆದು ಬರುತ್ತದೆ. ಗಣೇಶೋತ್ಸವದಲ್ಲಿ ಅಧ್ಯಕ್ಷರು ಮೈಕ್ ಹಿಡಿದ ಕೂಡಲೇ 'ಕುಂಯ್ಯ್' ಎಂದು ಏಳುತ್ತದಲ್ಲ, ಅದೇ ಕೂಗು.

ಲೆಸ್ ಪಾಲ್ ಎಂಬ ಗಿಟಾರ್ ವಾದಕ 1940ರ ಸುಮಾರಿಗೆ ಇದಕ್ಕೊಂದು ಉಪಾಯ ಹೂಡಿದ. ನಾಲ್ಕಿಂಚು ಚೌಕದ ಪೈನ್ ತೊಲೆಯೊಂದಕ್ಕೆ ಕುತ್ತಿಗೆ, ತಂತಿ, ಪಿಕಪ್ ಜೋಡಿಸಿಕೊಂಡು ನುಡಿಸಲು ಹೋದ. ಜನಕ್ಕೆ ಹಿಡಿಸಲಿಲ್ಲ. ಮನೆಗೆ ಬಂದು ಒಂದು ಗಿಟಾರಿನ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನೂ ತೊಲೆಯ ಅಕ್ಕಪಕ್ಕ ಅಂಟಿಸಿಕೊಂಡು ಮತ್ತೆ ಹೋದ. ತೊಲೆ ಅದೇ, ತಂತಿ ಅದೇ. ಈ ಸಲ ಚಪ್ಪಾಳೆ ಬಿತ್ತಂತೆ. ಸಂಗೀತ ಕಛೇರಿಯಲ್ಲಿ ಜರಿ ಪಂಚೆಗೆ ಇರುವ ಮಹತ್ವ ತಿಳಿದ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 1958ರಲ್ಲಿ ಗಿಬ್ಸನ್ ಕಂಪನಿ, ಟೆಡ್ ಮೆಕಾರ್ಟಿ ಅದರ ಮುಖ್ಯಸ್ಥರಾಗಿದ್ದ ಕಾಲದಲ್ಲಿ, ಅದೇ ಬಗೆಯ ಯೋಚನೆಯನ್ನು ಅಚ್ಚುಕಟ್ಟು ಮಾಡಿ ಇಎಸ್-335 ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದಿತು. ಹೊರಗಿನಿಂದ ಹದಿನಾರು ಇಂಚು ಅಗಲದ ತೆಳು ಹೊಟ್ಟೆ, ಪಿಟೀಲಿಗಿರುವಂಥ ಎರಡು ಎಫ್ ಆಕಾರದ ಕಿಂಡಿ. ಒಳಗೆ ನಟ್ಟನಡುವೆ, ಕುತ್ತಿಗೆಯಿಂದ ಬುಡದವರೆಗೆ, ಮೇಪಲ್ ಮರದ ದಿಮ್ಮಿ. ದಿಮ್ಮಿಯ ಎರಡು ಪಕ್ಕ ಮಾತ್ರ ಖಾಲಿ, ಅದಕ್ಕೇ ಸೆಮಿ-ಹಾಲೊ ಎಂಬ ಹೆಸರು. ಕೂಗು ಬಹುಮಟ್ಟಿಗೆ ಅಡಗಿತು, ಹೊಟ್ಟೆಯ ಮಾಧುರ್ಯ ಅಷ್ಟಿಷ್ಟು ಉಳಿಯಿತು. ಆ ಗಿಟಾರ್ ಇವತ್ತಿಗೂ ತಯಾರಾಗುತ್ತದೆ. ಅದರ ಬೆಲೆ ಲಕ್ಷಗಳ ಲೆಕ್ಕದಲ್ಲಿರುವುದರಿಂದ ಈ ಪ್ರಬಂಧದಲ್ಲಿ ಅದಕ್ಕೆ ಇನ್ನು ಕೆಲಸವಿಲ್ಲ.

ಬಡವರಿಗೆ ಅದೇ ವಂಶದ ದೂರದ ನೆಂಟರಿದ್ದಾರೆ. ಇಂಡೋನೇಷ್ಯಾದಲ್ಲೋ ಚೀನಾದಲ್ಲೋ ಹುಟ್ಟಿದ, ಮೂಗು ಮುಖ ಹಾಗೇ ಇರುವ ಗಿಟಾರುಗಳು. ಅಂಥ ಒಂದರ ಫೋಟೊ ಒಂದು ರಾತ್ರಿ ನನ್ನ ಫೋನಿನಲ್ಲಿ ಕಾಣಿಸಿಕೊಂಡಿತು. ಚೆರ್ರಿ ಕೆಂಪು ಬಣ್ಣ, ಇಂಡೋನೇಷ್ಯಾದ ಹುಟ್ಟು, ಊರು ಬೆಂಗಳೂರು, ಬೆಲೆ 32,000 ರೂಪಾಯಿ. 'ಹೆಚ್ಚು ಬಳಸಿಲ್ಲ. ಕೆನಡಾಕ್ಕೆ ಹೋಗುತ್ತಿರುವುದರಿಂದ ಮಾರುತ್ತಿದ್ದೇನೆ.' ಹಳೆಯ ಗಿಟಾರ್ ಮಾರುವವರೆಲ್ಲ ಎಲ್ಲಿಗಾದರೂ ಹೋಗುತ್ತಲೇ ಇರುತ್ತಾರೆ. 'ಕಲಿಯಲಾಗಲಿಲ್ಲ, ಅದಕ್ಕೆ ಮಾರುತ್ತಿದ್ದೇನೆ' ಎಂದು ಬರೆದವರನ್ನು ನಾನು ಕಂಡಿಲ್ಲ.

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ಪರಿಶೀಲಿಸುವವನು. ಊರಿನವರ ಆಸೆಗಳನ್ನೆಲ್ಲ ಫಾರಂ ತುಂಬಿಸಿ ಅಳೆಯುವ ನಾನು ನನ್ನ ಆಸೆಯನ್ನು ಹಾಗೇ ಬಿಟ್ಟರೆ ನ್ಯಾಯವಲ್ಲ ಎನ್ನಿಸಿ, ಒಂದು ಹಾಳೆ ತೆಗೆದು ಬರೆಯುತ್ತ ಕೂತೆ. ಸಾಲದ ಉದ್ದೇಶ: ಗಿಟಾರ್ ಖರೀದಿ. ಉದ್ದೇಶ ಉತ್ಪಾದಕವೇ? ಹಸುವಿನ ಸಾಲಕ್ಕೆ ಹಾಲು ಬರುತ್ತದೆ, ಆಟೊ ಸಾಲಕ್ಕೆ ಬಾಡಿಗೆ ಬರುತ್ತದೆ. ಇದರಿಂದ ಬರುವುದು ಅಕ್ಕಪಕ್ಕದವರ ದೂರು. ಅರ್ಜಿದಾರರಿಗೆ ಈ ಕಸುಬಿನಲ್ಲಿ ಅನುಭವವಿದೆಯೇ? ಇದೆ, ಮೂವತ್ತು ವರ್ಷದ್ದು, ಆದರೆ ಮೊದಲ ವರ್ಷದ್ದನ್ನೇ ಮೂವತ್ತು ಸಲ ಮಾಡಿದ್ದು. ಇದೇ ಬಗೆಯ ಆಸ್ತಿ ಈಗಾಗಲೇ ಇದೆಯೇ? ಇದೆ: ಕಾಲೇಜಿನಲ್ಲಿ ಕೊಂಡ ಅಕೂಸ್ಟಿಕ್ ಒಂದು, ಪ್ರಮೋಷನ್ ಬಂದಾಗ ಕೊಂಡ ಕಪ್ಪು ಹಲಗೆಯ ಗಿಟಾರ್ ಒಂದು. ಅವುಗಳ ಬಳಕೆ? ಹೆಂಡತಿ ತವರಿಗೆ ಹೋದಾಗ. ಇಷ್ಟಾದ ಮೇಲೆ ಬೇರೆ ಯಾರ ಅರ್ಜಿಯಾದರೂ ನಾನು ಕೆಂಪು ಶಾಯಿಯಲ್ಲಿ ಗೀಚಿ ವಾಪಸು ಕಳಿಸುತ್ತಿದ್ದೆ. ಆದರೆ ಅರ್ಜಿದಾರನೂ ಮಂಜೂರು ಮಾಡುವವನೂ ಒಬ್ಬನೇ ಆಗಿದ್ದರೆ ಕಡತವನ್ನು ಮೇಲಧಿಕಾರಿಗೆ ಕಳಿಸಬೇಕೆಂಬ ನಿಯಮವಿದೆ.

ಮೇಲಧಿಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಉತ್ತರಪತ್ರಿಕೆ ತಿದ್ದುತ್ತಲೇ ಕೇಳಿದಳು.

'ರೀ, ಇರೋ ಎರಡರಲ್ಲಿ ಬಾರದ ಹಾಡು ಇದರಲ್ಲಿ ಬರತ್ತಾ?'

'ಹಾಡಿನ ಪ್ರಶ್ನೆಯಲ್ಲ ಇದು. ನಾದ ಬೇರೆ. ಮಧ್ಯದಲ್ಲಿ ದಿಮ್ಮಿ ಇರತ್ತೆ, ಪಕ್ಕದಲ್ಲಿ ಖಾಲಿ ಇರತ್ತೆ...'

'ನುಡಿಸೋರು ನೀವೇ ತಾನೆ?'

ಇದಕ್ಕೆ ಉತ್ತರವಿರಲಿಲ್ಲವಾದ್ದರಿಂದ ಇತಿಹಾಸಕ್ಕೆ ಕೈ ಹಾಕಿದೆ. ಬಿ.ಬಿ. ಕಿಂಗ್ ಎಂಬ ಬ್ಲೂಸ್ ಗಾಯಕನ ಹೆಸರಾಂತ ಗಿಟಾರುಗಳು ಇದೇ ಕುಲದವು. ಕೂಗು ಏಳದಿರಲಿ ಎಂದು ಆತ ಎಫ್ ಕಿಂಡಿಯೊಳಗೆ ಬಟ್ಟೆ ತುರುಕುತ್ತಿದ್ದನಂತೆ. ಕೊನೆಗೆ 1980ರಲ್ಲಿ ಗಿಬ್ಸನ್ ಕಂಪನಿಯೇ ಕಿಂಡಿಯಿಲ್ಲದ ಮಾದರಿಯೊಂದನ್ನು ಅವನ ಗಿಟಾರಿನ ಹೆಸರಿನಲ್ಲಿ ಹೊರತಂದಿತು. ಆ ಹೆಸರು ಲೂಸಿಲ್. ಅದು ಬಂದ ಕಥೆ ಇನ್ನೂ ಹಿಂದಿನದು. 1949ರಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ಟ್ವಿಸ್ಟ್ ಎಂಬ ಊರಿನಲ್ಲಿ ಈತ ನುಡಿಸುತ್ತಿದ್ದ ಡ್ಯಾನ್ಸ್ ಹಾಲಿಗೆ ಬೆಂಕಿ ಬಿತ್ತು. ಚಳಿಗೆಂದು ಸೀಮೆಎಣ್ಣೆ ಹಾಕಿ ಹಚ್ಚಿಟ್ಟಿದ್ದ ಪೀಪಾಯಿಯನ್ನು ಇಬ್ಬರು ಜಗಳವಾಡುತ್ತ ಉರುಳಿಸಿದ್ದರು. ಎಲ್ಲರ ಜೊತೆ ಹೊರಗೋಡಿ ಬಂದ ಕಿಂಗ್, ಗಿಟಾರ್ ಒಳಗೇ ಉಳಿಯಿತೆಂದು ಮತ್ತೆ ಉರಿಯೊಳಗೆ ನುಗ್ಗಿ ಅದನ್ನು ಎತ್ತಿಕೊಂಡು ಬಂದ. ಆ ಇಬ್ಬರು ಬಡಿದಾಡಿದ್ದು ಲೂಸಿಲ್ ಎಂಬ ಹೆಂಗಸಿಗಾಗಿ ಎಂದು ಮಾರನೆಯ ದಿನ ತಿಳಿಯಿತು. ಇಂಥ ಹುಚ್ಚು ಕೆಲಸ ಇನ್ನೊಮ್ಮೆ ಮಾಡಬಾರದೆಂಬ ನೆನಪಿಗೆ ತನ್ನ ಗಿಟಾರಿಗೆ ಅದೇ ಹೆಸರಿಟ್ಟ. ಮುಂದೆ ಕೊಂಡವಕ್ಕೂ ಅದೇ ಹೆಸರು.

ಇವಳು ಕೆಂಪು ಪೆನ್ನು ಕೆಳಗಿಟ್ಟಳು. 'ನಮ್ಮನೆಗೆ ಬೆಂಕಿ ಬಿದ್ರೆ ನೀವು ಮೊದಲು ಏನು ಎತ್ಕೊಂಡು ಬರ್ತೀರಿ?'

'ಅಮ್ಮನ ಬಿ.ಪಿ. ಮಾತ್ರೆ ಡಬ್ಬಿ.'

'ನಾನು?'

'ನೀನು ನಡ್ಕೊಂಡೇ ಬರ್ತೀಯಲ್ಲ.'

ಕಡತ ತಿರಸ್ಕೃತವಾಗಲಿಲ್ಲ, ಬಾಕಿ ಉಳಿಯಿತು.

ಬಾಕಿಯ ಅವಧಿಯಲ್ಲಿ ಹಳೆಯ ಗಿಟಾರಿನ ಬೆಲೆಯ ಬಗ್ಗೆ ಯೋಚಿಸಿದೆ. 2004ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ನ 1964ರ ಇಎಸ್-335 ಗಿಟಾರ್ 8,47,500 ಡಾಲರಿಗೆ ಹೋಯಿತು. ಅದು ಹೆಚ್ಚು ಬಳಸಿದ್ದು. ದಶಕಗಳ ಕಾಲ ಬಳಸಿದ್ದಕ್ಕೇ ಆ ಬೆಲೆ. ಕ್ಲಾಪ್ಟನ್ ಅದನ್ನು ಪೆಟ್ಟಿಗೆಯಲ್ಲೇ ಇಟ್ಟು 'ಹೆಚ್ಚು ಬಳಸಿಲ್ಲ' ಎಂದಿದ್ದರೆ ಯಾರು ಅಷ್ಟು ಕೊಡುತ್ತಿದ್ದರು? ಎಂದರೆ, ದೊಡ್ಡವರ ಗಿಟಾರಿಗೆ ಬಳಸಿದಷ್ಟೂ ಬೆಲೆ ಏರುತ್ತದೆ, ನಮ್ಮಂಥವರ ಗಿಟಾರಿಗೆ ಮುಟ್ಟಿದಷ್ಟೂ ಇಳಿಯುತ್ತದೆ. ನಾವು ಒಂದು ವಸ್ತುವಿನ ಹತ್ತಿರ ಸುಳಿದರೂ ಅದಕ್ಕೆ ನಷ್ಟ. ಹೊಸ ಗಿಟಾರಿಗೆ ಆ ಅನ್ಯಾಯ ಮಾಡುವುದಕ್ಕಿಂತ, ಆಗಲೇ ಇನ್ನೊಬ್ಬರು ಅನ್ಯಾಯ ಮಾಡಿರುವ ಹಳೆಯದನ್ನು ಕೊಳ್ಳುವುದೇ ಧರ್ಮ ಎಂದು ತೀರ್ಮಾನಿಸಿ ಭಾನುವಾರದ ರೈಲು ಹತ್ತಿದೆ.

ಜೊತೆಗೆ ಭಾವಮೈದ. ಅವನಿಗೆ ಗಿಟಾರ್ ಗೊತ್ತಿಲ್ಲ, ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡು ಗೊತ್ತು. ಮಾರುವ ಹುಡುಗನ ಫ್ಲ್ಯಾಟಿನಲ್ಲಿ ಸೋಫಾದ ಮೇಲೆ ಕೂರುವ ಮೊದಲೇ ಕೇಳಿದ: 'ನೀವು ಎಷ್ಟನೇ ಓನರ್? ಆಕ್ಸಿಡೆಂಟ್ ಏನಾದ್ರೂ ಆಗಿದೆಯಾ?' ನಾನು ನಾಚಿಕೊಂಡೆ. ಆದರೆ ನಾನು ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡು ಬಂದ ಪ್ರಶ್ನೆಗಳೂ ಅವೇ. ಈ ವಂಶದ ಗಿಟಾರುಗಳ ತಲೆ ಹಿಂದಕ್ಕೆ ಬಾಗಿರುತ್ತದೆ. ಗೋಡೆಗೆ ಒರಗಿಸಿಟ್ಟದ್ದು ಜಾರಿ ಮಗುಚಿದರೆ ಕುತ್ತಿಗೆ ಮುಗಿದು ತಲೆ ಶುರುವಾಗುವಲ್ಲೇ ಬಿರುಕು ಬಿಡುತ್ತದೆ. ಅಂಟು ಹಾಕಿ ಬಣ್ಣ ಬಳಿದರೆ ಮೇಲ್ನೋಟಕ್ಕೆ ಕಾಣುವುದಿಲ್ಲ. ಅಲ್ಲಿ ಉಗುರಾಡಿಸಿ ನೋಡಬೇಕು. ನೋಡಿದೆ, ಆಕ್ಸಿಡೆಂಟ್ ಆಗಿರಲಿಲ್ಲ. ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಡಗಿಯ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದೆ. ಕುತ್ತಿಗೆಗೆ ಅಡ್ಡ ಕೂರಿಸಿದ ಲೋಹದ ಕಡ್ಡಿಗಳಿಗೆ ಫ್ರೆಟ್ ಎನ್ನುತ್ತಾರೆ. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕುತ್ತಿಗೆ ಹೊಟ್ಟೆಗೆ ಸೇರುವಲ್ಲೂ ಒತ್ತಿ ಹಿಡಿದು ನಡುವೆ ಎಷ್ಟು ಸಂದು ಇದೆ ಎಂದು ನೋಡಿದೆ, ಕೂದಲೆಳೆಯಷ್ಟಿತ್ತು, ಅಷ್ಟಿರಬೇಕು. ಹೆಚ್ಚಿದ್ದರೆ ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿದಾಗ ಬರುವ ಸ್ವರವೂ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಆಗಿತ್ತು.

ಆದರೆ ಗಿಟಾರಿನ ಚರಿತ್ರೆ ಇರುವುದು ಫ್ರೆಟ್‌ಗಳಲ್ಲಿ. ನಮ್ಮ ವೀಣೆಯ ಮೆಟ್ಟಿಲಿನಂತೆಯೇ ತಂತಿ ಉಜ್ಜಿ ಉಜ್ಜಿ ಅಲ್ಲಿ ಸಣ್ಣ ಗೀರು ಬೀಳುತ್ತದೆ. ಈ ಗಿಟಾರಿನಲ್ಲಿ ಮೊದಲ ಮೂರು ಫ್ರೆಟ್‌ಗಳಲ್ಲಷ್ಟೇ ಗೀರು. ಜಿ, ಸಿ, ಡಿ ಎಂಬ ಮೂರು ಕಾರ್ಡುಗಳನ್ನು, ಅಂದರೆ ಸ್ವರಗುಚ್ಛಗಳನ್ನು, ಹಿಡಿಯುವ ಜಾಗ ಅದು. ನಾಲ್ಕನೆಯದರಲ್ಲಿ ಒಂದು ಪ್ರಯತ್ನದ ಗುರುತು. ಐದರಿಂದ ಆಚೆಗೆ ಫ್ಯಾಕ್ಟರಿಯ ಹೊಳಪು ಹಾಗೇ ಇತ್ತು. ಆ ಹುಡುಗ ಎಲ್ಲಿಂದ ಹೊರಟು ಎಲ್ಲಿ ನಿಂತ ಎಂಬುದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನ ಮೇಲೆ ನನಗೆ ತುಂಬ ಸಲಿಗೆ ಹುಟ್ಟಿತು. ನಮ್ಮ ಮನೆಯ ಕಪ್ಪು ಗಿಟಾರಿನ ಫ್ರೆಟ್‌ಗಳನ್ನು ನಾನು ಬಲ್ಲೆ.

ಆಂಪ್ಲಿಫೈಯರಿಗೆ ಸಿಕ್ಕಿಸಿದಾಗ ಒಂದು ಐಬು ಸಿಕ್ಕಿತು. ವಾಲ್ಯೂಮ್ ತಿರುಗಿಸಿದರೆ ಕರಕರ. ಹಲಗೆಯ ಗಿಟಾರಾದರೆ ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ ಹೊಸ ಗುಂಡಿ ಬೆಸುಗೆ ಹಾಕಿ ಮುಗಿಸಬಹುದು. ಇದರಲ್ಲಿ ಮುಚ್ಚಳವೇ ಇಲ್ಲ. ನಾಲ್ಕು ಗುಂಡಿ, ಒಂದು ಸ್ವಿಚ್, ಅವುಗಳ ವೈರುಗಳ ಗೊಂಚಲು ಎಲ್ಲವೂ ಆ ಎಫ್ ಕಿಂಡಿಯ ಮೂಲಕವೇ ಒಳಗೆ ಹೋಗಿರುತ್ತವೆ, ಅದರ ಮೂಲಕವೇ ಹೊರಗೆ ಬರಬೇಕು. ರಿಪೇರಿಯವರು ಒಂದೊಂದು ಗುಂಡಿಯ ಕಡ್ಡಿಗೂ ದಾರ ಕಟ್ಟಿ ಒಳಗೆ ಬಿಟ್ಟು, ಕಿಂಡಿಯಿಂದ ಗೊಂಚಲನ್ನು ಎಳೆದು ಕೆಲಸ ಮುಗಿಸಿ, ಮತ್ತೆ ಆ ದಾರ ಜಗ್ಗಿ ಜಗ್ಗಿ ಪ್ರತಿಯೊಂದನ್ನೂ ಅದರದರ ತೂತಿಗೆ ಕೂರಿಸುತ್ತಾರೆ. ಕೊನೆಯ ಗುಂಡಿ ಕೂರುವಾಗ ಮೊದಲನೆಯದು ಕಳಚಿ ಒಳಗೆ ಬಿದ್ದರೆ ಮತ್ತೆ ಮೊದಲಿಂದ. ಈ ಕೆಲಸಕ್ಕೆ ಅವರು ಕೇಳುವ ದುಡ್ಡಿನಲ್ಲಿ ಮುಕ್ಕಾಲು ಪಾಲು ತಾಳ್ಮೆಗೆ ಎಂದು ಒಬ್ಬ ರಿಪೇರಿಯವರು ನನಗೆ ಹೇಳಿದ್ದರು. ಕರಕರ ಕೇಳಿದೊಡನೆ ಭಾವಮೈದ ನನ್ನ ತೊಡೆ ಚಿವುಟಿದ. ಚೌಕಾಸಿಗೆ ಬಾಗಿಲು ತೆರೆಯಿತೆಂದು ಅರ್ಥ.

'ಏನಾದ್ರೂ ನುಡಿಸಿ ನೋಡಿ, ಅಂಕಲ್' ಎಂದ ಹುಡುಗ.

ಇದು ಬರುತ್ತದೆಂದು ಗೊತ್ತಿತ್ತು. ಮನೆಯಲ್ಲಿ ಬಾಗಿಲು ಹಾಕಿಕೊಂಡಾಗ ಬರುವ ಬ್ಲೂಸೆಲ್ಲ ಆ ಸೋಫಾದ ಮೇಲೆ ಒಮ್ಮೆಗೇ ಮರೆತುಹೋಯಿತು. ಬೆರಳಿಗೆ ತಾನಾಗಿ ಬಂದದ್ದು ಒಂದೇ: ಎಳವೆಯಲ್ಲಿ ಅಮ್ಮ ಹೇಳಿಕೊಟ್ಟ ಸರಳೆ ವರಸೆ. ಚೆರ್ರಿ ಕೆಂಪಿನ ಅಮೆರಿಕನ್ ವಿನ್ಯಾಸದ ಗಿಟಾರಿನಲ್ಲಿ ಒಂದನೆಯ ಕಾಲ, ಎರಡನೆಯ ಕಾಲ. ದನಿ ಮಾತ್ರ, ಏನು ಹೇಳಲಿ, ದುಂಡಗೆ, ಒದ್ದೆ ಮಣ್ಣಿನ ತಂಪಿನಲ್ಲಿ ಬಂತು. ಅಡುಗೆಮನೆಯಿಂದ ಹುಡುಗನ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

'ಮಾಯಾಮಾಳವಗೌಳ ಅಲ್ವಾ? ಇದರಲ್ಲಿ ಇದೂ ಬರತ್ತಾ? ಇಷ್ಟು ವರ್ಷದಲ್ಲಿ ಇವನು ಒಂದಿನಾನೂ ಹೀಗೆ ನುಡಿಸ್ಲಿಲ್ಲ ನೋಡಿ!'

ಹುಡುಗನ ಮುಖ ಗಿಟಾರಿನ ಬಣ್ಣಕ್ಕೆ ತಿರುಗಿತು. ಮಾರುವವನ ಪಕ್ಷದ ಸಾಕ್ಷಿಯೇ ಕೊಳ್ಳುವವನ ಕಡೆಗೆ ವಾಲಿದ ಮೇಲೆ ಚೌಕಾಸಿಗೆ ನಾವು ಬಾಯಿ ತೆರೆಯಬೇಕಾಗಲಿಲ್ಲ. 'ಕೊಟ್ಬಿಡೋ, ಅವರು ನುಡಿಸ್ತಾರೆ' ಎಂದರು ತಾಯಿ, ಕಾಫಿ ಕೊಡುತ್ತ. 32 ಸಾವಿರ 30 ಆಯಿತು. ಭಾವಮೈದ ಕರಕರವನ್ನು ಇನ್ನೊಮ್ಮೆ ಎಲ್ಲರಿಗೂ ಕೇಳಿಸಿದ, 28 ಆಯಿತು. ಪೆಟ್ಟಿಗೆಯ ಒಂದು ಚಿಲಕ ಸಡಿಲವಿದೆ ಎಂದ. ತಾಯಿಯೇ '27 ಮಾಡ್ಕೊಳ್ಳಿ, ರೂಮು ಖಾಲಿಯಾದ್ರೆ ಸಾಕು' ಎಂದುಬಿಟ್ಟರು. ನಾನು 'ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ' ಎಂದು ಎದ್ದೆ. ಭಾವಮೈದ ರೈಲಿನಲ್ಲಿ ರಾಮನಗರ ದಾಟುವವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಮನೆಯಲ್ಲಿ ಕೇಳಬೇಕಾದ ಇನ್ನೊಬ್ಬರು ಅಮ್ಮ. ತೀರ್ಥಹಳ್ಳಿ ಸೀಮೆಯವಳು. ಕರೆಂಟಿನ ವಾದ್ಯ ಅವಳಿಗೆ ನಿಷಿದ್ಧವೇನಲ್ಲ. ಮ್ಯಾಂಡೊಲಿನ್ ಶ್ರೀನಿವಾಸ್ ಎಂದರೆ ಕೈಮುಗಿಯುತ್ತಾಳೆ, ಅವರದ್ದೂ ಕರೆಂಟಿನದೇ. ಫೋನಿನಲ್ಲಿ ಗಿಟಾರಿನ ಫೋಟೊ ತೋರಿಸಿದೆ. 'ಒಳಗೆ ಏನಿದೆಯೋ?' ಎಂದಳು. 'ಹಲಸಿನ ಹಣ್ಣಿನ ಒಳಗೆ ಗೂಂಜು ಇರತ್ತಲ್ಲ, ಹಾಗೆ ಮಧ್ಯದಲ್ಲಿ ಒಂದು ದಿಮ್ಮಿ' ಎಂದೆ. ಇಷ್ಟು ದಿನ ನಾನು ಎಲ್ಲರಿಗೂ ವಿವರಿಸಿ ಸೋತದ್ದನ್ನು ಅವಳು ಒಂದೇ ಮಾತಿಗೆ ಹಿಡಿದಳು. ಆಮೇಲೆ ಬೆರಳಿಡುವ ಪಟ್ಟಿಯನ್ನು ದೊಡ್ಡದು ಮಾಡಿ ತೋರಿಸಿ, 'ಇದು ಬೀಟೆ, ಅಮ್ಮ' ಎಂದೆ.

ಕನ್ನಡಕ ಬಂತು. ಮಲೆನಾಡಿನವರ ಮುಂದೆ ಬೀಟೆಯ ಮಾತೆತ್ತುವುದೆಂದರೆ ತವರಿನ ಮಾತೆತ್ತಿದ ಹಾಗೆ. ಅವಳ ಅಜ್ಜನ ಮನೆಯ ಮಂಚ, ಅದನ್ನು ನಾಲ್ಕು ಆಳು ಸೇರಿ ಎತ್ತುತ್ತಿದ್ದದ್ದು, ಎಲ್ಲ ಹೊರಬಂತು. ಜಗತ್ತಿನ ಗಿಟಾರುಗಳಿಗೆ ಮೊದಲು ಬ್ರೆಜಿಲ್ ದೇಶದ ಬೀಟೆ ಬೇಕಾಗುತ್ತಿತ್ತು. ಅದು ಸಿಗುವುದು ಕಷ್ಟವಾದಾಗ, 1960ರ ದಶಕದ ಕೊನೆಯ ಹೊತ್ತಿಗೆ, ಕಂಪನಿಗಳು ನಮ್ಮ ಪಶ್ಚಿಮಘಟ್ಟದ ಬೀಟೆಯ ಕಡೆ ತಿರುಗಿದವು. 2017ರಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿ, ಗಿಟಾರ್ ಹೊತ್ತು ದೇಶ ಸುತ್ತುವವರು ಕಾಗದಪತ್ರಕ್ಕೆ ಹೆದರುವಂತಾಗಿತ್ತು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಇದನ್ನೆಲ್ಲ ಹೇಳಿ, 'ನಮ್ಮ ಕಾಡಿನ ಮರ ಅಮ್ಮ, ಸಮುದ್ರ ದಾಟಿ ಗಿಟಾರಾಗಿ ವಾಪಸು ಬಂದಿದೆ' ಎಂದು ಮುಗಿಸಿದೆ. ಬೀಟೆಯ ಇದೇ ಜಾತಿಯನ್ನು ಇಂಡೋನೇಷ್ಯಾದ ಜಾವಾ ದ್ವೀಪದಲ್ಲೂ ಬೆಳೆಸುತ್ತಾರೆ, ಈ ತುಂಡು ಅಲ್ಲಿಯದೇ ಇರುವುದು ಹೆಚ್ಚು ಸಂಭವ. ಆ ವಿವರವನ್ನು ಅಮ್ಮನಿಗೆ ಹೇಳಲಿಲ್ಲ.

'ಬೀಟೆ ಅಂದ್ಮೇಲೆ ಬೇರೆಯವರ ಮನೇಲಿ ಯಾಕಿರ್ಬೇಕು, ತಂದುಬಿಡು' ಎಂದಳು. ಅಡುಗೆಮನೆಯಿಂದ ಮೇಲಧಿಕಾರಿಯ ಷರಾ ಬಂತು: 'ತರಲಿ. ಆದ್ರೆ ಮೂರು ಮೈನಸ್ ಒಂದು.'

ಗಿಟಾರ್ ಮನೆಗೆ ಬಂದಿದೆ. ದಾರ ಕಟ್ಟುವವರು ಕರಕರವನ್ನೂ ತೆಗೆದುಕೊಟ್ಟಿದ್ದಾರೆ. ಕೊಳ್ಳಬಹುದೇ ಎಂದು ನನ್ನ ವಯಸ್ಸಿನವರು ಯಾರಾದರೂ ಕೇಳಿದರೆ ನನ್ನ ಅಭಿಪ್ರಾಯ ಸ್ಪಷ್ಟ: ಕೊಳ್ಳಬಹುದು. ಕುತ್ತಿಗೆ ನೆಟ್ಟಗಿರಲಿ, ತಲೆಯಲ್ಲಿ ಬಿರುಕಿಲ್ಲದಿರಲಿ, ಮಾರುವವರ ತಾಯಿ ಮನೆಯಲ್ಲಿರುವ ಹೊತ್ತಿಗೆ ಹೋಗಿ. ಕರೆಂಟು ಹೋದಾಗಲೂ ಇದು ಒಂದಿಷ್ಟು ಕೇಳಿಸುತ್ತದೆ; ಹಲಗೆಯ ಗಿಟಾರಿಗೆ ಆ ಭಾಗ್ಯವಿಲ್ಲ.

ಇನ್ನು ಓದುಗರಲ್ಲಿ ಒಂದು ವಿನಂತಿ. ಮೇಲಧಿಕಾರಿಯ ಆದೇಶದಂತೆ ಕಪ್ಪು ಬಣ್ಣದ, ಗಟ್ಟಿ ಹಲಗೆಯ ಗಿಟಾರೊಂದು ಮೈಸೂರಿನಲ್ಲಿ ಮಾರಾಟಕ್ಕಿದೆ. ಒಬ್ಬರೇ ಓನರ್. ಆಕ್ಸಿಡೆಂಟ್ ಆಗಿಲ್ಲ. ಐದನೆಯ ಫ್ರೆಟ್‌ನಿಂದ ಆಚೆಗೆ ಹೊಚ್ಚ ಹೊಸದರಂತಿದೆ. ನಾನು ಎಲ್ಲಿಗೂ ಹೋಗುತ್ತಿಲ್ಲ. ಬೆಲೆಯಲ್ಲಿ ಸ್ವಲ್ಪ ಹಿಂದೆಮುಂದೆ ಮಾಡಬಹುದು.